ತಪ್ಪಿದ ಬಡಿತ ಯಾರದು

ಹೆರಿಗೆಗೆ ಹೋಗುವಾಗ ನನ್ನ ಚೀಲದಲ್ಲಿ ಒಂದು ಗೇಣುದ್ದದ ಕಟ್ಟಿಗೆಯ ಕೊಳವೆ ಇರುತ್ತಿತ್ತು. ಒಂದು ತುದಿ ಬಟ್ಟಲಿನ ಹಾಗೆ ಅಗಲ, ಇನ್ನೊಂದು ತುದಿ ಚಪ್ಪಟೆ, ನಡುವೆ ಆರಪಾರ ತೂತು. ಅಗಲದ ತುದಿಯನ್ನು ಬಸುರಿಯ ಹೊಟ್ಟೆಗೆ ಊರಿ, ಚಪ್ಪಟೆ ತುದಿಗೆ ಕಿವಿ ಕೊಟ್ಟು, ಆಮೇಲೆ ಕೈ ಬಿಟ್ಟುಬಿಡಬೇಕು. ಕೈ ಬಿಡುವುದೇ ಮುಖ್ಯ. ಹಿಡಿದುಕೊಂಡರೆ ಬೆರಳು ಸರಿದ ಸದ್ದೂ ಒಳಗೆ ಬಂದು ಸೇರುತ್ತದೆ. ತಲೆಯ ಭಾರದಿಂದಲೇ ಕೊಳವೆ ನಿಲ್ಲಬೇಕು. ಆಗ, ಪಕ್ಕದ ಮನೆಯಲ್ಲಿ ಯಾರೋ ಅವಸರವಾಗಿ ರೊಟ್ಟಿ ಬಡಿಯುತ್ತಿರುವ ಹಾಗೆ, ಮಗುವಿನ ಎದೆ ಕೇಳಿಸುತ್ತದೆ.

ಹೊಸಪೇಟೆ ಸುತ್ತಿನ ಹಳ್ಳಿಗಳಲ್ಲಿ ಹೆಂಗಸರು ಅದನ್ನು ಊದುಗೊಳವಿ ಅನ್ನುತ್ತಿದ್ದರು. ನರ್ಸಮ್ಮ ಅದರಿಂದ ಹೊಟ್ಟೆಯೊಳಗೆ ಗಾಳಿ ಊದಿ ಕೂಸನ್ನು ಎಬ್ಬಿಸುತ್ತಾಳೆ ಎಂದು ಒಬ್ಬ ಮುದುಕಿ ನನ್ನೆದುರೇ ಇನ್ನೊಬ್ಬಳಿಗೆ ವಿವರಿಸಿದ್ದಳು. ನಾನು ತಿದ್ದಲಿಲ್ಲ. ಬಸುರಿ ಒಪ್ಪಿ ಮಲಗಿದರೆ ನನಗೆ ಸಾಕಿತ್ತು.

ಮದರಾಸು ಸರ್ಕಾರದ ಕಾಲ ಅದು. ಬಳ್ಳಾರಿಯಲ್ಲಿ ಹೆರಿಗೆ ಕೆಲಸ ಕಲಿತ ನನ್ನನ್ನು ಜಿಲ್ಲಾ ಬೋರ್ಡಿನವರು ಹೊಸಪೇಟೆಗೆ ಹಾಕಿದ್ದರು. ಜೊತೆಗೆ ಒಬ್ಬಳು ಆಯಾ. ನನಗಿಂತ ಬಹಳ ಹಿರಿಯಳು, ಎಲೆಯಡಿಕೆ ಬಾಯಿ, ಹಾದಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿಯೇ ಮುಂದಕ್ಕೆ ಹೋಗುವವಳು. ನೀರು ಕುದಿಸುವುದು, ಕತ್ತರಿ ದಾರ ಬೇಯಿಸುವುದು, ಅತ್ತೆಯಂದಿರನ್ನು ಬಾಗಿಲ ಆಚೆ ತಡೆಯುವುದು ಅವಳ ಪಾಲು. ಕಿವಿ ನನ್ನ ಪಾಲು.

ಆ ವರ್ಷ ನನ್ನ ಎದೆ ತಪ್ಪಲು ಸುರುವಾಯಿತು.

ಮೊದಲ ಸಲ ಎಲ್ಲಿ ಎಂದು ಹೇಳಲಾರೆ. ಕಮಲಾಪುರದ ಕೆರೆ ಏರಿಯ ಮೇಲೆ ಬಂಡಿಯಲ್ಲಿ ಕೂತಿದ್ದಾಗ ಎಂದು ಎಷ್ಟೋ ಜನಕ್ಕೆ ಹೇಳಿದ್ದೇನೆ. ನೀರಿನ ಮೇಲೆ ಬೆಳಕಿತ್ತು ಎಂದೂ ಸೇರಿಸಿದ್ದೇನೆ. ಆದರೆ ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು ಬೋಗುಣಿ ತಿಕ್ಕುತ್ತಿದ್ದ ನೆನಪೂ ಅಷ್ಟೇ ಗಟ್ಟಿಯಾಗಿದೆ. ಒಂದು ಸುಳ್ಳಿರಬೇಕು. ಚೆಂದಾಗಿರುವುದೇ ಸುಳ್ಳಿರಬೇಕು. ಆದದ್ದಿಷ್ಟು: ಎದೆಯೊಳಗೆ ಏನೋ ಮೀನಿನ ಹಾಗೆ ಹೊರಳಿತು, ಆಮೇಲೆ ಏನೂ ಇಲ್ಲ, ಆ ‘ಏನೂ ಇಲ್ಲ’ ಬಹಳ ಹೊತ್ತು ಇತ್ತು, ಆಮೇಲೆ ಗುದ್ದಿದ ಹಾಗೆ ಒಂದು ದೊಡ್ಡ ಬಡಿತ. ಮತ್ತೆ ಎಲ್ಲ ಮೊದಲಿನಂತೆ. ನಾನು ಮಾತ್ರ ಮೊದಲಿನಂತೆ ಇರಲಿಲ್ಲ.

ದಿನಕ್ಕೆ ಹಲವು ಸಲ ಬರತೊಡಗಿತು. ಆಸ್ಪತ್ರೆಯ ಡಾಕ್ಟರಮ್ಮನಿಗೆ ಹೇಳಿದೆ. ಆಕೆ ತೆಲುಗು ನಾಡಿನವರು. ಕನ್ನಡ ಮಾತಾಡಲು ಹೊರಟು ಅರ್ಧ ದಾರಿಯಲ್ಲಿ ತಮ್ಮ ಮನೆಮಾತಿಗೆ ಹೋಗಿಬಿಡುತ್ತಿದ್ದರು. ನನ್ನನ್ನು ಕೂರಿಸಿ, ಕಣ್ಣು ಮುಚ್ಚಿಕೊಂಡು, ಎದೆಗೂ ಬೆನ್ನಿಗೂ ಕೊಳವೆ ಇಟ್ಟು ಕೇಳಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಆಗಲೇ ಹೊರಗೆ ಯಾರೋ ಕೈ ಮುರಿದುಕೊಂಡು ಬಂದರು. ಡಾಕ್ಟರಮ್ಮ ಎದ್ದು, ನನ್ನ ಹೆಗಲು ತಟ್ಟಿ, “ಇದಿ ಅಂತೇ ಅಮ್ಮಾ, ಇದು ಹೀಗೇ. ತಪ್ಪದು” ಎಂದು ಹೊರಟುಹೋದರು.

ತಪ್ಪದು. ನಮ್ಮ ಕಡೆ ಆ ಮಾತನ್ನು ಯಾವಾಗ ಆಡುತ್ತಾರೆ ಎಂದು ಎಲ್ಲರಿಗೂ ಗೊತ್ತು. ಹುಟ್ಟಿದವರಿಗೆ ಅದು ತಪ್ಪದು ಎನ್ನುತ್ತಾರೆ. ‘ಅದು’ ಏನೆಂದು ಬಾಯಿಬಿಟ್ಟು ಹೇಳುವುದಿಲ್ಲ. ಹೆಗಲು ತಟ್ಟಿದ್ದೂ ಅದಕ್ಕೆ ಹೊಂದಿಕೊಂಡಿತು. ಏನು ತಪ್ಪದು ಎಂದು ನಾನು ಕೇಳಬಹುದಿತ್ತು. ಡಾಕ್ಟರಮ್ಮ ಪಟ್ಟಿ ಕಟ್ಟುತ್ತಿದ್ದರು, ನಾನು ಬಾಗಿಲಲ್ಲಿ ನಿಂತಿದ್ದೆ, ಕೇಳದೆ ಮನೆಗೆ ಬಂದೆ.

ನಮ್ಮ ಮನೆಯವರು ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರು. ಸಂಡೂರು ಕಡೆಯ ಅದಿರಿನ ಧೂಳು ಅವರ ಅಂಗಿಯ ಕಾಲರಿನಿಂದ ಹೋಗುತ್ತಲೇ ಇರಲಿಲ್ಲ. ಅವತ್ತು ಅವರಿಗೆ ಡಾಕ್ಟರಮ್ಮನ ಮಾತು ಹೇಳಲಿಲ್ಲ. ಕೊಳವೆಯನ್ನು ನನ್ನ ಎದೆಗೆ ಇಟ್ಟು, ಕೇಳಿರಿ ಅಂದೆ. ಮಂಡಿ ಊರಿ ಬಹಳ ಹೊತ್ತು ಕೇಳಿದರು. ಒಂದು ಸಲ ತಪ್ಪಿತು; ಅವರ ಹುಬ್ಬು ಮೇಲೆ ಹೋಯಿತು.

“ಗೂಡ್ಸ್ ಗಾಡಿ ಶಂಟಿಂಗ್ ಮಾಡಿದಂಗ ಐತಿ,” ಅಂದರು. “ಡಬ್ಬಿಗೆ ಡಬ್ಬಿ ಗುದ್ದಿ, ಒಂದು ಗಳಿಗಿ ಸುಮ್ನ ನಿಂತು, ಮತ್ತ ಹೊರಡ್ತದ. ಗಾಡಿ ಏನು ಹಳಿ ಬಿಟ್ಟಿಲ್ಲ.”

“ಬಿಟ್ರ?”

“ಬಿಟ್ರ ಸ್ಟೇಷನ್ ಮಾಸ್ತರಿಗೆ ಹೇಳೋಣು. ಈಗ ಊಟಕ್ಕ ಹಾಕು.”

ಊಟಕ್ಕೆ ಹಾಕುವುದು ನಿಂತರೆ ಈ ಮನುಷ್ಯ ಏನು ತಿನ್ನುತ್ತಾನೆ ಎಂಬುದೇ ನನಗೆ ದೊಡ್ಡ ಚಿಂತೆಯಾಯಿತು. ಮರುದಿನದಿಂದ ಅವರಿಗೆ ರೊಟ್ಟಿ ಬಡಿಯುವುದನ್ನು ಕಲಿಸಲು ಕೂತೆ. ಕಾರಣ ಹೇಳಲಿಲ್ಲ. ಬಿಸಿನೀರು ಹಾಕಿ ಹಿಟ್ಟು ನಾದಿ, ಅಂಗೈಯಿಂದ ತಿರುಗಿಸುತ್ತಾ ಬಡಿಯಬೇಕು. ಅವರು ಬಡಿದದ್ದೆಲ್ಲ ಹರಿದು ಅಂಚು ಚೂರುಚೂರಾಗುತ್ತಿತ್ತು. “ಇದು ಯಾವ ಊರಿನ ನಕಾಶೆ?” ಎಂದು ಅವರೇ ಕೇಳಿ ಅವರೇ ನಗುತ್ತಿದ್ದರು. ನಾನು ಒಲೆಯ ಕಡೆ ತಿರುಗಿ, ಸೆರಗಿನೊಳಗೆ ಮಣಿಕಟ್ಟು ಹಿಡಿದು, ಎಣಿಸುತ್ತಿದ್ದೆ. ಎಡ ಮಗ್ಗುಲಲ್ಲಿ ಮಲಗುವುದು ಬಿಟ್ಟೆ. ಆ ಕಡೆ ಮಲಗಿದರೆ ಬಡಿತ ದಿಂಬಿನಿಂದ ಕಿವಿಗೆ ಬರುತ್ತಿತ್ತು. ಕಾಫಿ ಬಿಟ್ಟೆ. ಜೋರಾಗಿ ನಗುವುದನ್ನೂ ಬಿಡಲು ನೋಡಿದೆ; ಆಯಾ ಜೊತೆಗಿರುವಾಗ ಅದು ಆಗಲಿಲ್ಲ.

ಕೆಲಸಕ್ಕೆ ಪೆಟ್ಟು ಬಿದ್ದದ್ದು ಗಾದಿಗನೂರಿನಲ್ಲಿ.

ಎರಡನೆಯ ಹೆರಿಗೆ, ಗಟ್ಟಿಮುಟ್ಟಾದ ಹೆಂಗಸು, ಬೆಳಿಗ್ಗೆ ಬ್ಯಾನಿ ಸುರುವಾಗಿತ್ತು. ಹೊಟ್ಟೆ ಮುಟ್ಟಿ ನೋಡಿದೆ, ತಲೆ ಕೆಳಗೇ ಇತ್ತು. ಕೊಳವೆ ಇಟ್ಟು ಕೇಳಿದೆ. ಮಗುವಿನ ಎದೆ ಓಡುತ್ತಿತ್ತು. ಓಡುತ್ತಾ ಓಡುತ್ತಾ ನಡುವೆ ಒಂದು ಕಡೆ ಖಾಲಿ. ಮತ್ತೆ ಕೇಳಿದೆ, ಮತ್ತೆ ಖಾಲಿ. ಮಗುವಿನ ಬಡಿತ ಕೆಟ್ಟರೆ ಕಾಯದೆ ಆಸ್ಪತ್ರೆಗೆ ಸಾಗಿಸಬೇಕು ಎಂಬುದು ನಾನು ಕಲಿತದ್ದು. ಬಂಡಿ ಕಟ್ಟಿಸಿದೆ. ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿ, ಆಕೆಯನ್ನು ಮಲಗಿಸಿ ಹೊಸಪೇಟೆ ಕಡೆ ಹೊರಟೆವು. ಊರು ದಾಟಿ ಸ್ವಲ್ಪ ದೂರ ಹೋಗಿದ್ದೆವೋ ಇಲ್ಲವೋ, ಬಂಡಿಯ ಕುಲುಕಾಟಕ್ಕೆ ಬ್ಯಾನಿ ಒಂದರ ಮೇಲೊಂದು ಬಂದವು. ಹುಣಸೆಮರದ ಕೆಳಗೆ ಎತ್ತು ಬಿಚ್ಚಿದರು. ಆಯಾ ಸುತ್ತಲೂ ಸೀರೆ ಹಿಡಿಸಿದಳು. ಗಂಡು ಕೂಸು, ಕೆಂಪಗೆ, ಹುಟ್ಟುತ್ತಲೇ ರಸ್ತೆಯವರಿಗೆಲ್ಲ ಕೇಳುವಂತೆ ಕಿರುಚಿತು. ಮನೆಯವರಿಗೆ ಬೇಸರವೇನೂ ಆಗಲಿಲ್ಲ. ಬಂಡಿಯಲ್ಲಿ ಹುಟ್ಟಿದ್ದಕ್ಕೆ ಬಂಡೆಪ್ಪ ಎಂದು ಹೆಸರನ್ನೂ ಅಲ್ಲೇ ಗೊತ್ತುಮಾಡಿದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವಿನ ಎದೆಯನ್ನು ಎರಡೆರಡು ಸಲ ಕೇಳಿದರು. ಒಂದು ಬಡಿತವೂ ಎಲ್ಲೂ ಬಿಟ್ಟಿರಲಿಲ್ಲ.

“ನೀವು ಏನು ಕೇಳಿದ್ರಿ?” ಅಂದರು.

ಹೇಳಿದೆ. ಹೇಳುತ್ತಿರುವಾಗಲೇ ನನ್ನ ಎದೆ ಹೊರಳಿತು, ಮಾತು ಅರ್ಧಕ್ಕೆ ನಿಂತಿತು. ಆಕೆ ನನ್ನ ಮುಖ ನೋಡಿದರು, ಕೈ ಹಿಡಿದು ನಾಡಿ ನೋಡಿದರು, ಇನ್ನೊಂದು ಸಲ ಮುಖ ನೋಡಿದರು.

“ಈಗ ಮಾತು ಯಾಕೆ ನಿಲ್ಲಿಸಿದ್ರಿ?”

“ಎದಿ ತಪ್ತು.”

“ತಪ್ಪಿದಾಗಲೆಲ್ಲ ಹೀಗೇ ನಿಲ್ತೀರಾ? ಮಗು ಎದೆ ಕೇಳುವಾಗಲೂ?”

ಆಗ ನನಗೆ ಹೊಳೆಯಿತು. ನನ್ನದು ತಪ್ಪಿದ ಪ್ರತಿ ಸಲವೂ ನಾನು ಒಂದು ಕ್ಷಣ ಕೇಳುವುದನ್ನೇ ಬಿಟ್ಟು ಒಳಗೆ ತಿರುಗುತ್ತಿದ್ದೆ. ಕೊಳವೆಯ ಆ ತುದಿಯಲ್ಲಿ ಮಗು ಬಡಿಯುತ್ತಲೇ ಇತ್ತು. ಈ ತುದಿಯಲ್ಲಿ ಕಿವಿ ಇರಲಿಲ್ಲ. ನನ್ನ ಖಾಲಿಯನ್ನು ಮಗುವಿನ ಎದೆಗೆ ಹಚ್ಚಿದ್ದೆ.

“ನನಗ ಚಿಂತಿ ಇರೂದಿಲ್ಲೇನ್ರಿ? ತಪ್ಪದು ಅಂತ ನೀವ ಹೇಳಿದ್ರಿ,” ಅಂದೆ.

“ಅವುನು, ತಪ್ಪದು.”

“ಏನು ತಪ್ಪದು?”

“ಆ ಬಡಿತ ತಪ್ಪೋದು ತಪ್ಪದು ಅಂದೆ ಅಮ್ಮಾ! ಅದು ಬರ್ತಾ ಇರ್ತದೆ, ನೀವು ಸಂಸಾರ ಮಾಡ್ತಾ ಇರಿ ಅಂದೆ. ನೀವು ಏಮಿ ತಿಳ್ಕೊಂಡ್ರಿ?”

ನಾನು ತಿಳಿದುಕೊಂಡದ್ದನ್ನು ಹೇಳಿದಾಗ ಆಕೆ ಮೊದಲು ನಕ್ಕರು, ಆಮೇಲೆ ನಗಲಿಲ್ಲ. ನನ್ನನ್ನು ಕೂರಿಸಿ, ಈ ಸಲ ಸಾವಕಾಶವಾಗಿ, ವಾಕ್ಯಗಳನ್ನು ಪೂರ್ತಿ ಮಾಡಿ ಹೇಳಿದರು. ಒಂದು ಬಡಿತ ಅವಸರಪಟ್ಟು ತನ್ನ ಸರದಿಗೆ ಮೊದಲೇ ಬರುತ್ತದೆ. ಅದಾದ ಮೇಲೆ ಎದೆ ಸ್ವಲ್ಪ ಹೆಚ್ಚು ಹೊತ್ತು ಸುಧಾರಿಸಿಕೊಳ್ಳುತ್ತದೆ. ಆ ಸುಧಾರಿಕೆ ನಿಮಗೆ ನಿಂತ ಹಾಗೆ ಅನ್ನಿಸುತ್ತದೆ. ಗಟ್ಟಿ ಎದೆಯವರಿಗೂ ಇರುತ್ತದೆ. ಹೀಗೆ ಹೇಳಿ ನನ್ನನ್ನು ಆಸ್ಪತ್ರೆಯ ಮೆಟ್ಟಿಲುಗಳನ್ನು ಬಿರಬಿರನೆ ಹತ್ತಿಸಿ ಇಳಿಸಿ, ನಾಡಿ ಹಿಡಿದರು. ಓಡುವ ಎದೆಯಲ್ಲಿ ಒಂದೂ ತಪ್ಪಲಿಲ್ಲ. “ಚೂಡಂಡಿ, ನೋಡಿ,” ಅಂದರು. ಅಂಗಳದಲ್ಲಿ ಕೂತಿದ್ದ ರೋಗಿಗಳು, ನರ್ಸಮ್ಮನಿಗೆ ಯಾಕೆ ಈ ಶಿಕ್ಷೆ ಎಂದು ಆಯಾಳನ್ನು ಕೇಳಿದರು. “ಬಂಡ್ಯಾಗ ಹಡಿಸಿದ್ಲಲ್ಲ, ಅದಕ್ಕ,” ಅಂದಳು ಆಯಾ.

ಮನೆಗೆ ಬಂದು ನಮ್ಮವರಿಗೆ ಎಲ್ಲವನ್ನೂ ಹೇಳಿದೆ. ಅವರು ಹಿಟ್ಟಿನ ಕೈಯಲ್ಲೇ ನಿಂತು ಕೇಳಿದರು.

“ಹಂಗಾದ್ರ ನಾನು ರೊಟ್ಟಿ ಬಡಿಯೂದು ಕಲಿತಿದ್ದು ನೀನು ಸಾಯ್ತಿ ಅಂತನ?”

“ಹೌದು.”

“ಈಗ ಸಾಯೂದಿಲ್ಲ?”

“ಸದ್ಯಕ್ಕಿಲ್ಲ.”

“ಛೇ, ಈಗಷ್ಟ ದುಂಡಗ ಬರಾಕತ್ತಿತ್ತು,” ಎಂದು ತಟ್ಟೆಯ ಮೇಲಿನ ರೊಟ್ಟಿ ತೋರಿಸಿದರು. ಆಮೇಲೆ ಅಡುಗೆಮನೆಯ ಆಚೆ ಹೋಗಿ ಬಹಳ ಹೊತ್ತು ಕೈ ತೊಳೆದರು.

ಇಲ್ಲಿಗೆ ಹೆದರಿಕೆ ಹೋಯಿತು ಎಂದು ಬರೆದರೆ ಕಥೆ ಚೊಕ್ಕವಾಗುತ್ತದೆ. ಹೋಗಲಿಲ್ಲ. ಕಾರಣ ತಿಳಿಯಿತು, ಹೆದರಿಕೆ ತನ್ನ ಜಾಗದಲ್ಲೇ ಇತ್ತು. ಎದೆ ಹೊರಳಿದಾಗ ‘ಸುಧಾರಿಸಿಕೊಳ್ಳುತ್ತಿದೆ’ ಎಂದು ನನಗೆ ನಾನೇ ಹೇಳಿಕೊಳ್ಳುವುದರೊಳಗೆ ಬೆವರು ಬಂದಾಗಿರುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಈಗ ಕಿವಿಯದು. ನನ್ನ ಕಿವಿಯನ್ನು ನಾನೇ ನಂಬದಾದೆ. ನಿಜವಾಗಿಯೂ ಯಾವುದಾದರೂ ಮಗುವಿನ ಎದೆ ತಪ್ಪಿದರೆ ನನ್ನದೇ ಎಂದು ಬಿಟ್ಟುಬಿಟ್ಟರೇನು ಗತಿ? ಈ ಪ್ರಶ್ನೆಯನ್ನು ಹೊತ್ತುಕೊಂಡೇ ನಾನು ಕಂಪ್ಲಿಗೆ ಹೋದದ್ದು.

ಕಬ್ಬು ನುರಿಸುವ ಕಾಲ. ಬೆಳಗಿನ ಮೋಟಾರಿಗೆ ಹೊರಟು ಕಂಪ್ಲಿಯಲ್ಲಿ ಇಳಿದಾಗ ಊರೆಲ್ಲ ಬೆಲ್ಲದ ವಾಸನೆ. ನಮ್ಮನ್ನು ಕರೆಸಿದ್ದ ಮನೆ ಹೊಳೆಯ ಕಡೆ, ತೋಟದ ಅಂಚಿಗೆ. ಮನೆಗೆ ಅಂಟಿಕೊಂಡೇ ಆಲೆಮನೆ. ಎತ್ತು ಹೂಡಿದ ಗಾಣ ಕಿರ್ರೋ ಎಂದು ತಿರುಗುತ್ತಿತ್ತು. ಮೊದಲ ಹೆರಿಗೆಗೆ ತವರಿಗೆ ಬಂದ ಮಗಳು. ತಾಯಿ ಬಾಗಿಲಲ್ಲೇ ನಿಂತು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

“ನೀವೇನ್ರಿ, ಬಂಡ್ಯಾಗ ಹಡಿಸಿದ ನರ್ಸಮ್ಮ?”

ಹೆಸರು ಹೊಳೆಯ ತನಕ ಹೋಗಿತ್ತು. ನಾನು ಬಾಯಿ ತೆರೆಯುವುದರೊಳಗೆ ಆಯಾ, “ಹೌದ್ರೀ. ನಿಮ್ಮನ್ಯಾಗ ಬಂಡಿ ಐತಿಲ್ಲೋ?” ಅಂದಳು. ತಾಯಿ ನಕ್ಕುಬಿಟ್ಟಳು. “ಬರ್ರಿ ಬರ್ರಿ, ಕುಂದ್ರಿ. ಬಂಡಿ ಎರಡದಾವು, ಆದ್ರ ಕಬ್ಬು ಹೇರ್‍ಯಾವು.”

ಕೈ ತೊಳೆದು ಮಗಳನ್ನು ನೋಡಿದೆ. ತಲೆ ಕೆಳಗಿತ್ತು, ಬ್ಯಾನಿ ಹದವಾಗಿ ಬರುತ್ತಿತ್ತು, ಅವಸರವಿರಲಿಲ್ಲ. ಆದರೆ ಕೊಳವೆ ಇಟ್ಟರೆ ಗಾಣದ ಕಿರುಗುಟ್ಟುವಿಕೆ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತು ಗಾಣ ನಿಲ್ಲಿಸಬೇಕು ಅಂದೆ. ಯಜಮಾನ ಅಂಗಳದಿಂದಲೇ, “ಹಾಲು ನಿಂತ್ರ ಹುಳಿ ಆಗ್ತದ್ರಿ ನರ್ಸಮ್ಮ,” ಅಂದ. ಹಾಲು ಅಂದರೆ ಕಬ್ಬಿನ ರಸ. “ಹುಳಿ ಆದ್ರ ನಾ ಕುಡೀತೀನಿ, ನಿಲ್ಸ್ರಿ,” ಎಂದು ಹೆಂಡತಿ ಒಳಗಿನಿಂದ ಕೂಗಿದಳು. ಗಾಣ ನಿಂತಿತು. ಅವತ್ತೆಲ್ಲ ಹೀಗೇ ನಡೆಯಿತು. ನಾನು ಕೊಳವೆ ಕೈಗೆತ್ತಿಕೊಂಡರೆ ತಾಯಿ ಕಿಟಕಿಯಿಂದ “ನಿಲ್ಸ್ರೋ” ಅನ್ನುವಳು, ಎತ್ತು ನಿಲ್ಲುವವು, ಓಣಿಯ ಮಂದಿಗೆಲ್ಲ ನಾನು ಕೇಳುತ್ತಿದ್ದೇನೆಂದು ತಿಳಿಯುವುದು.

ಮಧ್ಯಾಹ್ನದವರೆಗೆ ಎಲ್ಲ ಸರಿಯಿತ್ತು. ಊಟದ ಹೊತ್ತು ಮೀರಿದ ಮೇಲೆ, ಒಂದು ಬ್ಯಾನಿ ಇಳಿದಾಗ ಕೇಳಿದೆ. ಓಡುತ್ತಿದ್ದ ಬಡಿತದ ನಡುವೆ ಖಾಲಿ.

ಗಾಣ ನಿಂತ ಕ್ಷಣವೇ ಮಗುವಿನ ಎದೆಯೂ ತಪ್ಪಿತು ಎಂದು ಬರೆಯಲು ಈಗ ಕೈ ಹೊರಟಿತ್ತು. ಹಾಗೇನೂ ಆಗಲಿಲ್ಲ. ಗಾಣ ನಿಂತು ಬಹಳ ಹೊತ್ತಾಗಿತ್ತು. ಹೊರಗೆ ಯಾರೋ ಎತ್ತಿನ ಜೊತೆ ಮಾತಾಡುತ್ತಿದ್ದರು. ಮತ್ತೆ ಕೇಳಿದೆ. ಮತ್ತೆ ಖಾಲಿ. ನನ್ನದೋ? ಮಗುವಿನದೋ? ಕೇಳುತ್ತಲೇ ನನ್ನ ನಾಡಿ ಹಿಡಿದು ನೋಡಿದೆ. ಎರಡನ್ನೂ ಒಟ್ಟಿಗೆ ಹಿಡಿಯಲು ಹೋಗಿ ಎರಡೂ ಕಲಸಿಹೋದವು. ಆಯಾಳನ್ನು ಕರೆಯೋಣವೆಂದರೆ ಅವಳು ಹಿತ್ತಿಲಲ್ಲಿ ಬೆಂಕಿಯ ಮುಂದೆ ಕತ್ತರಿ ಕುದಿಸುತ್ತಿದ್ದಳು. ಮಂಚದ ಮೇಲಿನ ಮಗಳಿಗೆ ಬ್ಯಾನಿ ಇಳಿದಿತ್ತು, ಅವಳ ಎರಡೂ ಕೈ ಖಾಲಿ ಇದ್ದವು.

“ತಂಗೀ, ಕೈ ಕೊಡು,” ಅಂದೆ. ಅವಳ ಬೆರಳುಗಳನ್ನು ನನ್ನ ಮಣಿಕಟ್ಟಿನ ಮೇಲೆ ಇಟ್ಟೆ. “ಬಡೀತದಲ್ಲ? ಅದು ಬಡಿದಾಗೊಮ್ಮೆ ನೀನು ಬೆರಳು ಒತ್ತಬೇಕು. ಆಗಾಗ ಒಂದು ಬಡಿತ ಬಿಡ್ತದ. ಬಿಟ್ರ ಒತ್ತಬ್ಯಾಡ.”

ಅವಳು ಹುಬ್ಬು ಗಂಟಿಕ್ಕಿದಳು. “ನಿಮಗ ಎದಿ ಬ್ಯಾನಿ ಐತೇನ್ರಿ ಯಕ್ಕಾ?”

“ಬ್ಯಾನಿ ಅಲ್ಲ. ಚಾಳಿ.”

ಅವಳಿಗೆ ನಗು ಬಂತು. ನಕ್ಕ ರಭಸಕ್ಕೆ ಹೊಟ್ಟೆ ಕುಲುಕಿ ಕೊಳವೆ ಕೆಳಗೆ ಬಿತ್ತು. ತಾಯಿ ಕಿಟಕಿ ಬಿಟ್ಟು ಬಂದಳು.

“ಇದೇನ್ರೀ ಉಲ್ಟಾ? ಬ್ಯಾನಿ ತಿನ್ನಾಕಿ ಇಕಿ, ನಾಡಿ ತೋರ್ಸಾಕಿ ನೀವು!”

“ಸುಮ್ನಿರಬೇ ಯವ್ವಾ,” ಅಂದಳು ಮಗಳು. “ನಾನು ಎಣಸಾಕತ್ತೀನಿ.”

ಕೊಳವೆ ಒರೆಸಿ ಮತ್ತೆ ಇಟ್ಟೆ. ಒಂದು ಕಿವಿಯಲ್ಲಿ ಮಗು. ಮಣಿಕಟ್ಟಿನ ಮೇಲೆ ನಾನು. ನನ್ನ ಎದೆಯನ್ನು ಕಾಯುವ ಕೆಲಸ ಈಗ ಬೇರೆಯವರದಾದ್ದರಿಂದ ನಾನು ಪೂರ್ತಿ ಆ ತುದಿಗೆ ಹೋಗಲು ಸಾಧ್ಯವಾಯಿತು. ಒತ್ತು, ಒತ್ತು, ಒತ್ತು. ಮಗು ಅದರ ಎರಡರಷ್ಟು ಜೋರಿನಲ್ಲಿ ಓಡುತ್ತಿತ್ತು. ಒಂದು ಸಲ ಅವಳ ಬೆರಳು ನಿಂತಿತು, ನನ್ನ ಎದೆ ಹೊರಳಿತು, ಮಗು ಮಾತ್ರ ಎಡವದೆ ಓಡಿತು. ಆಮೇಲೆ, ಬೆರಳು ಒತ್ತುತ್ತಲೇ ಇರುವಾಗ, ಮಗುವಿನ ಓಟದಲ್ಲಿ ಖಾಲಿ ಬಂತು. ತಡೆದು, ಮತ್ತೆ ಓಡಿತು. ಇನ್ನೊಮ್ಮೆ. ಬೆರಳು ಒತ್ತುತ್ತಲೇ ಇತ್ತು.

ಎರಡೂ ಬೇರೆ ಬೇರೆ. ನನ್ನದೂ ತಪ್ಪುತ್ತಿತ್ತು, ಮಗುವಿನದೂ ತಪ್ಪುತ್ತಿತ್ತು.

ನಾನು ತಲೆ ಎತ್ತಿದಾಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. “ಒಂದ ಸಲ ಬಿಡ್ತು ನಿಮ್ದು. ಆಮ್ಯಾಲ ಸರಿ ಇತ್ತು. ಸರಿ ಇದ್ದಾಗ ಯಾಕ್ರಿ ಮುಖ ಹಂಗ ಮಾಡಿದ್ರಿ?”

ಏನಾದರೂ ಹೇಳಿ ತೇಲಿಸಬಹುದಿತ್ತು. ಆದರೆ ಅರ್ಧ ಹೇಳಿದ ಮಾತು ಎಷ್ಟು ದಿನ ಉಳಿಯುತ್ತದೆಂದು ನನಗೆ ಗೊತ್ತಿತ್ತು.

“ಕೂಸಿಂದೂ ಆಗಾಗ ಒಂದು ಬಿಡಾಕತ್ತೈತಿ ತಂಗಿ,” ಅಂದೆ. “ಓಟ ಜೋರೈತಿ, ಛಲೋ ಐತಿ. ನಡುವ ಒಂದೊಂದು ಬಿಡ್ತದ.”

ತಾಯಿಯ ಮುಖದ ನಗು ಆರಿಹೋಯಿತು. “ಕಬ್ಬು ಇಳಿಸಿ ಬಂಡಿ ಕಟ್ಟಿಸ್ತೀನಿ. ಹೊಸಪ್ಯಾಟಿಗೆ ಹೋಗೂಣು ನಡೀರಿ.”

ಆ ಗಳಿಗೆಯಲ್ಲಿ ಮಾಡಿದ ಲೆಕ್ಕವನ್ನು ನೆನಪಿದ್ದಷ್ಟು ಬರೆಯುತ್ತೇನೆ. ಮೋಟಾರು ಹೋಗಿಯಾಗಿತ್ತು. ಬಂಡಿಯ ದಾರಿ ಉದ್ದ, ಕುಲುಕಾಟದ ದಾರಿ. ದಾರಿಯಲ್ಲಿ ಕೊಳವೆ ಇಟ್ಟು ಕೇಳಲು ಆಗುವುದಿಲ್ಲ. ಗಾಲಿಯ ಸದ್ದಿನಲ್ಲಿ ನಾನು ಕಿವುಡಿ. ಮಗು ದಣಿದಿದ್ದರೆ ಬ್ಯಾನಿ ಇಳಿದ ಮೇಲೂ ಬಡಿತ ನಿಧಾನವಾಗಿಯೇ ಉಳಿಯಬೇಕಿತ್ತು. ಇದು ಪ್ರತಿ ಸಲ ತನ್ನ ಓಟಕ್ಕೆ ಮರಳುತ್ತಿತ್ತು. ನೀರು ಒಡೆದಿತ್ತು, ತಿಳಿಯಾಗಿತ್ತು. ಮಗು ಬಳಲಿದರೆ ನೀರಿಗೆ ಬರುವ ಹಸಿರು ಬಣ್ಣ ಇರಲಿಲ್ಲ. ನನ್ನ ಎದೆಯ ಬಗ್ಗೆ ಡಾಕ್ಟರಮ್ಮ ಹೇಳಿದ್ದು ಹೊಟ್ಟೆಯೊಳಗಿನ ಮಗುವಿಗೂ ಸಲ್ಲುತ್ತದೆಯೇ? ಅದು ಗೊತ್ತಿರಲಿಲ್ಲ. ಯಾವ ಪಾಠದಲ್ಲೂ ಓದಿರಲಿಲ್ಲ. ಇನ್ನೊಂದು ವಿಷಯವೂ ಅಲ್ಲಿತ್ತು: ಇನ್ನೊಂದು ಬಂಡಿ ಹೆರಿಗೆಯಾದರೆ ಆ ಹೆಸರು ನನಗೆ ಶಾಶ್ವತ. ಆ ನಾಚಿಕೆ ನನ್ನ ತೀರ್ಮಾನದಲ್ಲಿ ಎಷ್ಟು ಪಾಲು ಇತ್ತು? ಇರಲಿಲ್ಲ ಎಂದು ನೆನಪು ಹೇಳುತ್ತದೆ. ಈ ಜಾಗದಲ್ಲಿ ನೆನಪಿನ ಮಾತನ್ನು ನಾನು ತೆಗೆದುಕೊಳ್ಳುವುದಿಲ್ಲ.

“ಬಂಡಿ ಕಟ್ಟಿಸಿ ನಿಲ್ಲಿಸ್ರಿ,” ಅಂದೆ. “ಹುಲ್ಲು ಹಾಸಿ ಇಟ್ಟಿರ್‍ರಿ. ಆದ್ರ ಇಕಿನ್ನ ಈಗ ಏರ್ಸೂದಿಲ್ಲ. ಪ್ರತಿ ಬ್ಯಾನಿ ಆದಮ್ಯಾಲ ಕೇಳ್ತೀನಿ. ಓಟ ನಿಧಾನ ಆತಂದ್ರ ಹೊರಡೂದು. ಇಲ್ಲಂದ್ರ ಇಲ್ಲೇ.”

“ಏನರ ಆದ್ರ?” ಎಂದು ತಾಯಿ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ.

“ದಾರ್‍ಯಾಗ ಏನರ ಆದ್ರ ನನ್ನ ಕೈಯಾಗ ಏನೂ ಇರಂಗಿಲ್ಲರಿ. ಇಲ್ಲಿ ಬಿಸಿನೀರು ಐತಿ, ಬೆಳಕೈತಿ, ಕೇಳಾಕ ಆಗ್ತದ.”

ತಾಯಿ ಮಗಳ ಕಡೆ ನೋಡಿದಳು. ಮಗಳು ಹೊಸ ಬ್ಯಾನಿಗೆ ತುಟಿ ಕಚ್ಚಿದ್ದಳು. ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ. ಉಗುರು ಚರ್ಮಕ್ಕೆ ಇಳಿದಿತ್ತು. ತಾಯಿ ಕಿಟಕಿಗೆ ಹೋಗಿ ಗಂಡನಿಗೆ ಕೂಗಿದಳು: “ಇನ್ನ ಗಾಣ ಬ್ಯಾಡ! ಎತ್ತು ಬಿಚ್ಚಿ ಬಂಡಿಗೆ ಹೂಡ್ರಿ. ಹಾಲು ಹುಳಿ ಆದ್ರ ಆಗ್ಲಿ.” ಅವನು ಎತ್ತಿನ ಕೊರಳ ಹಗ್ಗ ಬಿಚ್ಚತೊಡಗಿದ.

ಅಲ್ಲಿಂದ ಮುಂದೆ ಗಾಣದ ಸದ್ದಿಲ್ಲ. ಬ್ಯಾನಿ ಬರುವುದು, ಇಳಿಯುವುದು, ನಾನು ಬಾಗುವುದು. ಒಂದೊಂದು ಸಲ ಮಗು ಒಂದೂ ಬಿಡದೆ ಓಡುತ್ತಿತ್ತು, ಒಂದೊಂದು ಸಲ ಬಿಡುತ್ತಿತ್ತು. ಓಟ ಮಾತ್ರ ಇಳಿಯಲಿಲ್ಲ. ನನ್ನ ಎದೆ ಎಷ್ಟು ಸಲ ಹೊರಳಿತೋ ತಿಳಿಯದು. ಬಸುರಿಗೆ ಅದನ್ನು ನೋಡುವ ಪುರಸೊತ್ತಿರಲಿಲ್ಲ, ನನಗೂ ಇರಲಿಲ್ಲ. ಆಯಾ ಅವಳ ಬೆನ್ನಿಗೆ ಕೂತು ನಡ ತಿಕ್ಕುತ್ತಾ, ತನ್ನ ಹೆರಿಗೆಗಳ ಕಥೆಗಳನ್ನು ಒಂದಕ್ಕೊಂದು ಬೆರೆಸಿ ಹೇಳುತ್ತಿದ್ದಳು. “ಜಲ್ದಿ ಬಾರೋ ರಾಜಾ, ಬಂಡಿ ಕಾಯಾಕತ್ತೈತಿ,” ಎಂದು ಹೊಟ್ಟೆಗೂ ಹೇಳಿದಳು.

ಹೊರಗೆ ಬಂದದ್ದು ರಾಣಿ. ಬಿಸಿಲು ಇನ್ನೂ ಅಂಗಳದಲ್ಲಿತ್ತು. ತಲೆ ಬಂತು, ಭುಜ ತಿರುಗಿಸಿದೆ, ಜಾರಿ ಕೈಗೆ ಬಂತು. ಬಾಯಿ ಒರೆಸುವ ಮೊದಲೇ ಅತ್ತಿತು. ಹೊಕ್ಕುಳಬಳ್ಳಿಯ ಮಿಡಿತ ನಿಂತ ಮೇಲೆ ಕಟ್ಟಿ ಕತ್ತರಿಸಿದೆ. ಮಾಸು ಪೂರ್ತಿ ಬಂತು. ಇದೆಲ್ಲ ಮುಗಿದ ಮೇಲೆ ಕೂಸನ್ನು ಮಡಿಲಲ್ಲಿ ಮಲಗಿಸಿ, ಕೊಳವೆಯ ಅಗಲದ ತುದಿಯನ್ನು ಅದರ ಎದೆಗೆ ಇಟ್ಟೆ. ಎದೆಯನ್ನೆಲ್ಲ ಅದೇ ಮುಚ್ಚಿಬಿಟ್ಟಿತು.

ಓಡುತ್ತಿತ್ತು. ಬಿಟ್ಟಿತು. ಮತ್ತೆ ಓಡಿತು. ಮೈ ಕೆಂಪಗಿತ್ತು, ಉಗುರು ಕೆಂಪಗಿದ್ದವು, ಬಾಯಿ ಮೊಲೆ ಹುಡುಕುತ್ತಿತ್ತು.

“ಇನ್ನೂ ಬಿಡ್ತದೇನ್ರಿ?” ಎಂದು ಬಾಣಂತಿ ಮಲಗಿದಲ್ಲಿಂದಲೇ ಕೇಳಿದಳು.

ಕೂಸನ್ನು ಅವಳ ಪಕ್ಕಕ್ಕೆ ಮಲಗಿಸಿ, ಕೊಳವೆಯನ್ನು ಅವಳ ಕಿವಿಗೆ ಹೊಂದಿಸಿ, “ನೀನ ಕೇಳು,” ಅಂದೆ. ಅವಳು ಉಸಿರು ಹಿಡಿದು ಕೇಳಿದಳು. ಅವಳ ಕಣ್ಣು ಅಗಲವಾದವು. ಬಹಳ ಹೊತ್ತಾದ ಮೇಲೆ, “ಯವ್ವಾ, ಇದು ಓಡ್ತಾ ಓಡ್ತಾ ಹಿಂದ ತಿರುಗಿ ನೋಡ್ತದ,” ಅಂದಳು.

ನಾನು ಅಷ್ಟು ದಿನ ಅದಕ್ಕೆ ಹುಡುಕಿದ ಯಾವ ಮಾತೂ ಹಾಗಿರಲಿಲ್ಲ.

ಡಾಕ್ಟರಮ್ಮನಿಗೆ ತೋರಿಸಲೇಬೇಕು ಎಂದು ಹೇಳಿ ಬಂದೆ. ಕೆಲವು ದಿನ ಬಿಟ್ಟು ತಾಯಿ ಮಗಳು ಇಬ್ಬರೂ ಮೋಟಾರಿನಲ್ಲಿ ಕೂಸನ್ನು ಹೊಸಪೇಟೆಗೆ ತಂದರು. ಡಾಕ್ಟರಮ್ಮ ಕೇಳಿ, ಮೈಬಣ್ಣ ನೋಡಿ, ಹಾಲು ಕುಡಿಯುವುದನ್ನು ನೋಡಿ, ಎಲ್ಲ ವಾಕ್ಯಗಳನ್ನೂ ಪೂರ್ತಿ ಮಾಡಿ ಮಾತಾಡಿದರು: ಇಂಥವು ಎಷ್ಟೋ ತಾವಾಗಿಯೇ ನಿಲ್ಲುತ್ತವೆ, ಕಾದು ನೋಡೋಣ, ಕೂಸು ಕಪ್ಪಿಟ್ಟರೆ ಅಥವಾ ಹಾಲು ಬಿಟ್ಟರೆ ಕೂಡಲೇ ತನ್ನಿ. ಅಲ್ಲಿಂದ ನಾನು ಕಂಪ್ಲಿ ಕಡೆ ಹೋದಾಗಲೆಲ್ಲ ಆ ಮನೆಗೆ ಹೋಗಿ ಕೇಳಿ ಬರುತ್ತಿದ್ದೆ. ಹೋದ ಹಾಗೆ ಹೋದ ಹಾಗೆ ಬಿಡುವುದು ಕಮ್ಮಿಯಾಯಿತು.

ಕಬ್ಬಿನ ಕೆಲಸ ಮುಗಿದಿದ್ದ ಒಂದು ದಿನ ಹೋದೆ. ಗಾಣ ಬಿಚ್ಚಿ ಮೂಲೆಗೆ ಇಟ್ಟಿದ್ದರು, ಯಾರನ್ನೂ ಸುಮ್ಮನಿರಿಸಬೇಕಾಗಿರಲಿಲ್ಲ. ಕೂಸು ಕಾಲು ಒದೆಯುತ್ತಾ ಕೊಳವೆಯನ್ನು ಹಿಡಿಯಲು ನೋಡುತ್ತಿತ್ತು. ಬಹಳ ಹೊತ್ತು ಕೇಳಿದೆ. ಮಗ್ಗುಲು ಬದಲಿಸಿ ಕೇಳಿದೆ. ಒಂದೂ ಬಿಡಲಿಲ್ಲ. ನೇರವಾಗಿ, ಹಿಂದೆ ನೋಡದೆ, ಓಡಿತು.

“ಹೋತ್ರಿ,” ಅಂದೆ. “ಸರಿ ಆತು.”

ಅಜ್ಜಿಯಾದ ತಾಯಿ ಕೈ ಮುಗಿದು ಒಳಗೆ ಹೋಗಿ ನನಗೆಂದು ಬೆಲ್ಲದ ಅಚ್ಚು ತಂದಳು. ನಾನು ಕೊಳವೆ ಒರೆಸುತ್ತಾ ಕೂತಿದ್ದೆ.

“ಸರಿ ಆದ್ರ ನಗಬೇಕಲ್ರೀ. ಯಾಕ ಸಪ್ಪಗಾದ್ರಿ?” ಎಂದು ತಾಯಿ ಕೇಳಿದಳು.

ಉತ್ತರ ಹೇಳಲು ನಾಚಿಕೆಯಾಯಿತು. ಸಂತೋಷವೇ ಆಗಿತ್ತು, ಅದರಲ್ಲಿ ಅನುಮಾನವಿಲ್ಲ. ಅದರ ಪಕ್ಕದಲ್ಲೇ, ಜೊತೆಗೆ ನಡೆಯುತ್ತಿದ್ದವರು ತಮ್ಮ ಊರು ಬಂತೆಂದು ತಿರುಗಿಕೊಂಡ ಹಾಗೆ, ಸ್ವಲ್ಪ ಒಂಟಿ ಅನ್ನಿಸಿತ್ತು. ಬಾಣಂತಿ ಕೂಸನ್ನು ತಾಯಿಯ ಕೈಗೆ ಕೊಟ್ಟು, ನನ್ನ ಹತ್ತಿರ ಸರಿದು ಕೂತಳು.

“ಯಕ್ಕಂದು ಇನ್ನಾ ಐತಿ, ನೋಡ್ಬೇ ಯವ್ವಾ,” ಎಂದು ನನ್ನ ಮಣಿಕಟ್ಟು ಹಿಡಿದಳು.

ಒತ್ತು, ಒತ್ತು, ಒತ್ತು. ಇಬ್ಬರೂ ಕಾದೆವು. ಅದು ಸರಿಯಾಗಿ ಬಡಿಯುತ್ತಲೇ ಹೋಯಿತು. “ಬೇಕಂದಾಗ ಬರಂಗಿಲ್ಲಲ್ರೀ,” ಎಂದು ಅವಳು ಗೊಣಗಿದಳು, ಬೆರಳು ತೆಗೆಯಲಿಲ್ಲ. ತಪ್ಪಲಿ ಎಂದು ನಾನು ನನ್ನ ಎದೆಗೆ ಹೇಳಿದ್ದು ಅದೇ ಮೊದಲು.